ಹತ್ತಿರದ ಸ್ಪೀಕರನ್ನು ಕಾಯಿಸಿ

ನಮ್ಮ ಹಾಲ್ ಚಿಕ್ಕದು. ಸೋಫಾ ಹಿಂಗೋಡೆಗೇ ಅಂಟಿಕೊಂಡಿದೆ. ಹಿಂದಿನ ಸ್ಪೀಕರ್ ನನ್ನ ಕಿವಿಗೆ 4 ಅಡಿ, ಟಿವಿ ಪಕ್ಕದವು 11 ಅಡಿ. ಹೋಮ್ ಥಿಯೇಟರ್ ತಂದ ವಾರವಿಡೀ ಸಿನಿಮಾದ ಮಳೆಯೆಲ್ಲ ನನ್ನ ಬೆನ್ನಿಗೇ ಸುರಿಯಿತು. “ಹಿಂದಿನದನ್ನ ಬಂದ್ ಮಾಡ್ರೀ, ಮಾತೇ ಕೇಳಿಸ್ತಿಲ್ಲ” ಎಂದಳು ಹೆಂಡತಿ.

ತಪ್ಪು ಸ್ಪೀಕರಿನದಲ್ಲ, ಲೆಕ್ಕದ್ದು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 7 ಅಡಿ ಹತ್ತಿರವಿದ್ದರೆ 6 ಮಿಲಿಸೆಕೆಂಡ್ ಮೊದಲೇ ಬರುತ್ತದೆ. ಅಷ್ಟೇನಾ ಅನ್ನಬೇಡಿ. ಒಂದೇ ಸದ್ದು ಎರಡು ಕಡೆಯಿಂದ ಬಂದರೆ, ಮೊದಲು ಮುಟ್ಟಿದ ಕಡೆಗೇ ಕಿವಿ ವಾಲುತ್ತದೆ.

ಹೊಲಿಗೆ ಡಬ್ಬಿಯ ಟೇಪು ತಂದೆ. ಐದೇ ಅಡಿಯದು, ಮುಂದಿನ ಸ್ಪೀಕರಿಗೆ ಮೂರು ಸಲ ಹಿಡಿಯಬೇಕಾಯಿತು. ಕೂತಾಗ ತಲೆಯಿರುವ ಜಾಗದಿಂದ ಅಳೆದು, ರಿಸೀವರಿನ ಮೆನುವಿನಲ್ಲಿ ‘ಡಿಸ್ಟೆನ್ಸ್’ ಎಂಬಲ್ಲಿ ಅಂಕಿ ತುಂಬಿದೆ. ದೂರದ್ದನ್ನು ಓಡಿಸುವುದು ಅದರ ಕೈಲಾಗದು, ಹತ್ತಿರದ್ದನ್ನು ಕಾಯಿಸುತ್ತದೆ. ಆ ರಾತ್ರಿ ಮಳೆ ಸುತ್ತಲೂ ಹರಡಿತು, ಮಾತು ಪರದೆಗೆ ಮರಳಿತು.

ಮೈಕ್ ಇಟ್ಟು ತಾನೇ ಅಳೆಯುವ ರಿಸೀವರುಗಳೂ ಇವೆ. ಅವು ಸಬ್‌ವೂಫರನ್ನು ಇರುವುದಕ್ಕಿಂತ ದೂರ ತೋರಿಸಿದರೆ ತಿದ್ದಲು ಹೋಗಬೇಡಿ. ಅದರೊಳಗಿನ ಸರ್ಕ್ಯೂಟಿನ ತಡವೂ ಆ ಅಂಕಿಯಲ್ಲಿ ಸೇರಿರುತ್ತದೆ. ಸೋಫಾ ಸರಿಸಿದರೆ ಮಾತ್ರ ಮತ್ತೊಮ್ಮೆ ಅಳೆಯಿರಿ.