ಸುಣ್ಣಕಲ್ಲಿನ ಸೀಮೆಯಲ್ಲಿ ಮುದಿ ಡೀಸೆಲ್ ಕಾರು

ಮನುಷ್ಯನಿಗೆ ಅರುವತ್ತು ತುಂಬಿದರೆ ಷಷ್ಟ್ಯಬ್ದಿಪೂರ್ತಿಯ ಸಮಾರಂಭ. ಕಾರಿಗೆ ಹದಿನೈದು ತುಂಬಿದರೆ ಸಾರಿಗೆ ಕಚೇರಿಯ ಅಂಗಳದಲ್ಲಿ ಪರೀಕ್ಷೆ. ಕಲಬುರಗಿ ಜಿಲ್ಲೆಯ ಕಾಳಗಿ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಡೆಗೆ ಹೋದವರಿಗೆ ಈ ಪರೀಕ್ಷೆಯನ್ನು ಒಮ್ಮೆ ದಾಟಿ ಎರಡನೆಯದಕ್ಕೆ ಸಿದ್ಧವಾಗುತ್ತಿರುವ ಸಣ್ಣ ಡೀಸೆಲ್ ಕಾರುಗಳು ಇಂದಿಗೂ ಕಾಣಸಿಗುತ್ತವೆ. ಬಣ್ಣ ಮಾಸಿದೆ, ಬಾಗಿಲನ್ನು ಕೊಂಚ ಎತ್ತಿ ನೂಕದೆ ಅದು ಮುಚ್ಚುವುದಿಲ್ಲ. ಆದರೂ ತೊಗರಿ ಮಾರಲು ಹೊರಟ ರೈತನಿಗೆ, ನಡುರಾತ್ರಿಯಲ್ಲಿ ಹೆರಿಗೆಯ ನೋವು ಕಾಣಿಸಿಕೊಂಡ ಮಗಳನ್ನು ಕಲಬುರಗಿಗೆ ಒಯ್ಯಬೇಕಾದ ತಾಯಿಗೆ ಅದೇ ಗತಿ. ಕಾಳಗಿಯು ೨೦೧೮ರಲ್ಲಿ ತಾಲ್ಲೂಕು ಕೇಂದ್ರವಾಯಿತಾದರೂ ಅಲ್ಲಿಗೆ ರೈಲು ಬಂದಿಲ್ಲ. ರೈಲು ಹಿಡಿಯಬೇಕೆಂದರೆ ಚಿತ್ತಾಪುರಕ್ಕೋ ಸೇಡಮಿಗೋ ವಾಡಿಗೋ ಹೋಗತಕ್ಕದ್ದು. ಹೀಗಿರುವಾಗ ಬೆಳಗಿನ ಜಾವ ಕಾರು ಹೊರಡುತ್ತದೆಯೋ ಇಲ್ಲವೋ ಎಂಬುದು ವಿನೋದದ ಪ್ರಶ್ನೆಯಲ್ಲ.

ಈ ಕಾರುಗಳಲ್ಲಿ ಬಹುಜನರಿಗೆ ಪರಿಚಿತವಾದದ್ದು ಟಾಟಾ ಇಂಡಿಕಾ. ೧೯೯೮ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಈ ಕಾರಿನ ಡೀಸೆಲ್ ಎಂಜಿನ್ ೧೪೦೫ ಸಿ.ಸಿ.ಯದು. ಪೆಟ್ರೋಲಿಗಿಂತ ಡೀಸೆಲ್ ಬಹಳ ಅಗ್ಗವಾಗಿದ್ದ ಆ ಕಾಲದಲ್ಲಿ ಮಧ್ಯಮವರ್ಗದವರೂ ಬಾಡಿಗೆ ಗಾಡಿಯವರೂ ಅದನ್ನು ಕೊಂಡರು. ಬಳಿಕ ೨೦೦೭ರಲ್ಲಿ ಮಾರುತಿ ಸ್ವಿಫ್ಟ್ ೧೨೪೮ ಸಿ.ಸಿ.ಯ ಡೀಸೆಲ್ ಎಂಜಿನ್ನಿನೊಡನೆ ಬಂದಿತು. ೨೦೧೪ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರಿ ಹಿಡಿತ ಸಡಿಲವಾಯಿತು; ೨೦೧೮ರಲ್ಲಿ ಇಂಡಿಕಾದ ತಯಾರಿಕೆ ನಿಂತಿತು; ೨೦೨೦ರ ಏಪ್ರಿಲಿನಲ್ಲಿ ಹೊಸ ಹೊಗೆ ನಿಯಮ ಜಾರಿಗೆ ಬಂದಾಗ ಮಾರುತಿಯವರು ಡೀಸೆಲ್ ಕಾರುಗಳನ್ನೇ ಕೈಬಿಟ್ಟರು. ಇಂದು ಸಣ್ಣ ಡೀಸೆಲ್ ಕಾರನ್ನು ಹೊಸದಾಗಿ ಕೊಳ್ಳುವೆನೆಂದರೆ ಆಯ್ಕೆ ಬೆರಳೆಣಿಕೆಗೂ ಸಾಲದು. ಇರುವುದನ್ನು ಉಳಿಸಿಕೊಳ್ಳುವುದೇ ಜಾಣತನವೆಂದು ಹಲವರು ಭಾವಿಸಿರುವುದು ಸಹಜವೇ.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಸಿಲಿಂಡರಿನೊಳಕ್ಕೆ ಗಾಳಿಯನ್ನು ಎಳೆದು, ಅದನ್ನು ಬಲವಾಗಿ ಅದುಮಿ, ಆ ಅದುಮುವಿಕೆಯ ಕಾವಿನಿಂದಲೇ ಎಣ್ಣೆ ಹೊತ್ತಿಕೊಳ್ಳುವಂತೆ ಮಾಡುವುದು ಇದರ ಮರ್ಮ. ಇಂಡಿಕಾದಲ್ಲಿ ೨೨ ಪಾಲು ಗಾಳಿ ೧ ಪಾಲಿಗೆ ಕುಗ್ಗುತ್ತದೆ. ಈ ಯುಕ್ತಿಯನ್ನು ಜರ್ಮನಿಯ ರುಡಾಲ್ಫ್ ಡೀಸೆಲ್ ೧೮೯೭ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಸಾಧಿಸಿ ತೋರಿಸಿದ. ಪಾಪ, ೧೯೧೩ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಅವನು ಕಣ್ಮರೆಯಾದ. ತನ್ನ ಹೆಸರಿನ ಎಂಜಿನ್ ಕಾರುಗಳಲ್ಲಿ ಓಡುವುದನ್ನು ನೋಡಲು ಅವನಿರಲಿಲ್ಲ. ಇಷ್ಟನ್ನು ಹೇಳಿದ್ದೇಕೆಂದರೆ, ಅದುಮುವ ಶಕ್ತಿ ಉಳಿದಿರುವವರೆಗೆ ಡೀಸೆಲ್ ಎಂಜಿನ್ ಬದುಕಿರುತ್ತದೆ. ಅದು ಹೋದ ದಿನ ಎಂಜಿನ್ನೂ ಹೋದಂತೆ. ನಮ್ಮ ಈ ಸೀಮೆಯಲ್ಲಿ ಆ ಶಕ್ತಿಯನ್ನು ಕದಿಯುವ ಕಳ್ಳರು ಇಬ್ಬರು: ನೀರು ಮತ್ತು ಧೂಳು. ಕಾರಿನ ವಯಸ್ಸನ್ನು ದೂರುವುದಕ್ಕಿಂತ ಮೊದಲು ಈ ಇಬ್ಬರನ್ನು ವಿಚಾರಿಸಿಕೊಳ್ಳುವುದು ಲೇಸೆಂದು ನನ್ನ ಮತ.

ನೀರಿನ ಮಾತನ್ನು ಮೊದಲು ತೆಗೆದುಕೊಳ್ಳೋಣ. ಶಹಾಬಾದಿನ ಹಾಸುಗಲ್ಲು ನಾಡಿಗೆಲ್ಲ ಗೊತ್ತು. ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದುದಕ್ಕೂ ನೆಲದಡಿಯ ಸುಣ್ಣಕಲ್ಲೇ ಕಾರಣ. ಆ ಕಲ್ಲಿನ ನಡುವೆ ಜಿನುಗಿ ಬರುವ ಬಾವಿಯ ನೀರು, ಬೋರಿನ ನೀರು ಸುಣ್ಣವನ್ನು ಕರಗಿಸಿಕೊಂಡೇ ಬರುತ್ತದೆ. ಕಾಯಿಸಿದಾಗ ಆ ಸುಣ್ಣ ಮತ್ತೆ ಕಲ್ಲಾಗುತ್ತದೆ. ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಹೆಪ್ಪಳಿಕೆಯನ್ನು ಕಾಣದ ಗೃಹಿಣಿ ಈ ಭಾಗದಲ್ಲಿ ಯಾರಿದ್ದಾರೆ? ಬೇಸಗೆಯಲ್ಲಿ ದಾರಿ ಬದಿಯ ನಲ್ಲಿಯಿಂದ ಒಂದು ಕೊಡ ನೀರು ಹಿಡಿದು ರೇಡಿಯೇಟರಿಗೆ ಸುರಿಯುವಾಗ ಆ ಹಂಡೆಯನ್ನೇ ನಾವು ಎಂಜಿನ್ನಿನೊಳಗೆ ಕಟ್ಟುತ್ತಿದ್ದೇವೆಂಬುದು ಅನೇಕರಿಗೆ ಹೊಳೆಯುವುದಿಲ್ಲ. ಅತ್ಯಂತ ಬಿಸಿಯಾದ ಜಾಗದಲ್ಲಿ, ಅಂದರೆ ಸಿಲಿಂಡರಿನ ತಲೆಯ ಸುತ್ತಲಿನ ಕಾಲುವೆಗಳಲ್ಲಿ, ಪೊರೆ ಮೊದಲು ಕೂರುತ್ತದೆ. ಅದು ಹೊರಗಿನಿಂದ ಕಾಣುವುದಿಲ್ಲ. ಉಷ್ಣಮಾಪಕದ ಮುಳ್ಳು ದಿನೇ ದಿನೇ ಕೂದಲೆಳೆಯಷ್ಟು ಮೇಲೇರುತ್ತದೆ. ಒಂದು ದಿನ, ಬಿಸಿಲು ೪೦ ಡಿಗ್ರಿ ದಾಟಿದ ಏಪ್ರಿಲಿನ ಮಧ್ಯಾಹ್ನ, ಐದು ಜನರನ್ನು ಹೊತ್ತ ಕಾರು ಹೊಗೆಯಾಡಿ ನಿಲ್ಲುತ್ತದೆ. ಹೆಡ್ ಸೊಟ್ಟಾಗಿರುತ್ತದೆ, ಗ್ಯಾಸ್ಕೆಟ್ ಸುಟ್ಟಿರುತ್ತದೆ. ಅಲ್ಲಿಗೆ ಅದುಮುವ ಶಕ್ತಿ ಅರ್ಧ ಸೋರಿಹೋದಂತೆ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಹಳೆಯ ನೀರನ್ನು ಪೂರ್ತಿಯಾಗಿ ಇಳಿಸಿ, ಒಳಗನ್ನು ತೊಳೆದು, ಕೂಲೆಂಟ್ ದ್ರವವನ್ನು ಬ್ಯಾಟರಿಗೆ ಹಾಕುವ ಶುದ್ಧಜಲದೊಡನೆ ಸರಿಪಾಲಾಗಿ ಬೆರೆಸಿ ತುಂಬುವುದು. ದಾರಿಯಲ್ಲಿ ಬೇಕಾದೀತೆಂದು ಅದೇ ಮಿಶ್ರಣದ ಎರಡು ಸೀಸೆಗಳನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳುವುದು. ಅದೂ ಇಲ್ಲದಿದ್ದಲ್ಲಿ ಶುಭ್ರವಾಗಿ ಹಿಡಿದಿಟ್ಟ ಮಳೆಯ ನೀರು ಬೋರಿನ ನೀರಿಗಿಂತ ಸಾವಿರ ಪಾಲು ಮೇಲು. ಆದರೆ ಹದಿನೈದು ವರ್ಷದ ಪೊರೆಯನ್ನು ತೀಕ್ಷ್ಣವಾದ ಆಮ್ಲ ಹಾಕಿ ಒಂದೇ ದಿನ ಕಿತ್ತೊಗೆಯುವ ಸಾಹಸ ಬೇಡ. ಎಷ್ಟೋ ಹಳೆಯ ರೇಡಿಯೇಟರುಗಳಲ್ಲಿ ತೂತನ್ನು ಮುಚ್ಚಿಕೊಂಡಿರುವುದು ಆ ಪೊರೆಯೇ! ರೇಡಿಯೇಟರಿನ ಮುಚ್ಚಳವನ್ನೂ ಮರೆಯಬಾರದು. ಒಳಗಿನ ಒತ್ತಡವನ್ನು ಹಿಡಿದಿಡುವ ಅದರ ಸ್ಪ್ರಿಂಗು, ರಬ್ಬರುಗಳು ಸೋತರೆ ನೀರು ಬೇಗನೆ ಕುದಿಯುತ್ತದೆ. ಬಿಸಿಯಿರುವಾಗ ಅದನ್ನು ತೆರೆದವನ ಕೈ, ಮುಖ ಬೇಯುವುದು ಖಂಡಿತ.

ಇಲ್ಲಿ ಒಂದು ಪದ್ಧತಿಯನ್ನು ಆಕ್ಷೇಪಿಸದೆ ಮುಂದೆ ಹೋಗಲಾರೆ. ಕಾರು ಕಾಯುತ್ತದೆಂದೊಡನೆ ಕೆಲವು ಮಿಸ್ತ್ರಿಗಳು ಥರ್ಮೋಸ್ಟಾಟ್ ಎಂಬ ಕವಾಟವನ್ನೇ ಕಿತ್ತು ಎಸೆಯುತ್ತಾರೆ. ‘ಈಗ ಗಾಡಿ ಭಾಳ ಛಲೋ ಅದರಿ’ ಎಂದು ಕೈ ಒರೆಸಿಕೊಳ್ಳುತ್ತಾರೆ. ನಾಲ್ಕು ದಿನ ಮುಳ್ಳು ಕೆಳಗಿರುವುದೂ ನಿಜ. ಆದರೆ ತಕ್ಕ ಕಾವಿಗೆ ಬಾರದ ಡೀಸೆಲ್ ಎಂಜಿನ್ ಎಣ್ಣೆಯನ್ನು ಹೆಚ್ಚಾಗಿ ಕುಡಿಯುತ್ತದೆ, ಮಸಿಯನ್ನು ಕಟ್ಟಿಕೊಳ್ಳುತ್ತದೆ, ಬೇಗ ಸವೆಯುತ್ತದೆ. ಜ್ವರ ಬಂದವನ ತಾಪಮಾಪಕವನ್ನು ಒಡೆದ ವೈದ್ಯನ ಕಥೆಯಾಯಿತು ಇದು.

ಇನ್ನು ಧೂಳು. ಸುಣ್ಣಕಲ್ಲಿನ ಹುಡಿ ಮೆತ್ತಗಿನದು; ಅದು ಉಕ್ಕನ್ನು ಅರೆಯುವುದಕ್ಕಿಂತ ಹೆಚ್ಚಾಗಿ ಗಾಳಿಯ ದಾರಿಗಳನ್ನು ಮುಚ್ಚುತ್ತದೆ. ಅದರೊಡನೆ ರಸ್ತೆಯಿಂದ ಏಳುವ ಮರಳಿನ ಕಣ ಹಾಗಲ್ಲ. ಅದು ಉಕ್ಕಿಗಿಂತ ಗಡುಸು. ಕಲ್ಲು ತುಂಬಿದ ಲಾರಿಯ ಬೆನ್ನಿಗೆ ಹತ್ತು ನಿಮಿಷ ಹೋದ ಕಾರು ಎರಡನ್ನೂ ನುಂಗಿರುತ್ತದೆ. ಗಾಳಿ ಸೋಸುವ ಫಿಲ್ಟರನ್ನು ಪಂಕ್ಚರ್ ಅಂಗಡಿಯಲ್ಲಿ ಊದಿಸಿ ಮತ್ತೆ ಮತ್ತೆ ಕೂಡಿಸುವುದು ವಾಡಿಕೆ. ಊದಿಸಲಿ, ಬೇಡವೆನ್ನುವುದಿಲ್ಲ, ಒಳಗಿನಿಂದ ಹೊರಕ್ಕೆ, ಮೆಲ್ಲಗೆ ಊದಿಸಲಿ. ಬಿರುಸಾಗಿ ಬಿಟ್ಟ ಗಾಳಿಗೆ ಕಾಗದ ಸೀಳಿದರೆ ಫಿಲ್ಟರ್ ಇದ್ದೂ ಇಲ್ಲದಂತೆ. ಫಿಲ್ಟರಿಗಿಂತ ದೊಡ್ಡ ಮೋಸ ಅದರ ಮುಂದಿನ ರಬ್ಬರ್ ಕೊಳವೆಯದು. ವರ್ಷಗಳ ಬಿಸಿಗೆ ಅದರ ಮಡಿಕೆಗಳಲ್ಲಿ ಬಿರುಕು ಬಿಟ್ಟಿರುತ್ತದೆ. ಹೊಸ ಫಿಲ್ಟರ್ ಹಾಕಿದವನು ನಿಶ್ಚಿಂತನಾಗಿರುತ್ತಾನೆ, ಧೂಳು ಬಿರುಕಿನಿಂದ ನೇರವಾಗಿ ಒಳಹೋಗುತ್ತಿರುತ್ತದೆ. ಅದನ್ನು ಬಿಚ್ಚಿ, ಬಗ್ಗಿಸಿ, ಬೆಳಕಿಗೆ ಹಿಡಿದು ನೋಡತಕ್ಕದ್ದು.

ರೇಡಿಯೇಟರಿನ ಎದುರಿಗಿರುವ ಏ.ಸಿ. ಜಾಲರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಹೊಟ್ಟು, ಹುಡಿ, ಹತ್ತಿಯ ಎಳೆ ಸೇರಿ ಕಂಬಳಿಯಂತೆ ಕೂತಿರುವುದುಂಟು. ಮಳೆಗಾಲಕ್ಕೆ ಮುನ್ನ ಎಂಜಿನ್ನಿನ ಕಡೆಯಿಂದ ಹೊರಮುಖವಾಗಿ ಮೆಲುಧಾರೆಯಲ್ಲಿ ತೊಳೆದರೆ ಸಾಕು.

ಮುಂಜಾನೆ ಕಾರು ಹೊರಡದಿದ್ದರೆ ಬ್ಯಾಟರಿಯನ್ನು ಶಪಿಸುವ ಮೊದಲು ಹೀಟರ್ ಪ್ಲಗ್ಗುಗಳನ್ನು ನೋಡಬೇಕು. ಇಂಡಿಕಾದಂಥ ಹಳೆಯ ಎಂಜಿನ್ನುಗಳಲ್ಲಿ ಅವು ನಾಲ್ಕಿವೆ; ಚಳಿಯಲ್ಲಿ ಕೋಣೆಯನ್ನು ಕೆಂಪಗೆ ಕಾಯಿಸಿ ಮೊದಲ ಹನಿ ಹೊತ್ತಿಕೊಳ್ಳಲು ನೆರವಾಗುವುದು ಇವುಗಳ ಕೆಲಸ. ಪ್ಲಗ್ಗಿನ ತಂತಿಯನ್ನು ಕಳಚಿ, ಬ್ಯಾಟರಿಯ ಧನ ತುದಿಯಿಂದ ಒಂದು ಪರೀಕ್ಷೆಯ ಬಲ್ಬಿನ ಮೂಲಕ ಪ್ಲಗ್ಗಿನ ತಲೆಗೆ ಮುಟ್ಟಿಸಿದರೆ, ಬಲ್ಬು ಹತ್ತಿದಲ್ಲಿ ಪ್ಲಗ್ಗಿನ ಒಳತಂತಿ ತುಂಡಾಗಿಲ್ಲವೆಂದು ತಿಳಿಯಬಹುದು. ಪ್ಲಗ್ಗುಗಳು ಸರಿಯಿದ್ದೂ ಹೊರಡದಿದ್ದರೆ, ನಾಜಲ್‌ನಿಂದ ನಾಜಲ್‌ಗೆ ಹೋಗುವ ಸಣ್ಣ ಮರಳುಕೊಳವೆಗಳು ಒಡೆದು ರಾತ್ರಿಯೆಲ್ಲ ಗಾಳಿ ಎಳೆದುಕೊಂಡಿರಬಹುದು. ಗೇಣುದ್ದದ ಕೊಳವೆಗೆ ಎಷ್ಟೋ ಜನ ಡೀಸೆಲ್ ಪಂಪನ್ನೇ ಬಿಚ್ಚಿಸಿದ್ದಾರೆ! ಆ ಪಂಪಿನ ಒಳಭಾಗಗಳಿಗೆ ಬೇರೆ ಎಣ್ಣೆಯಿಲ್ಲ. ಡೀಸೆಲೇ ಅದರ ಜಿಡ್ಡು. ಆದಕಾರಣ ಸೀಮೆಎಣ್ಣೆ ಬೆರೆತ ಡೀಸೆಲ್ ಅದಕ್ಕೆ ವಿಷ. ಟ್ರ್ಯಾಕ್ಟರಿಗೆಂದು ಡ್ರಮ್ಮಿನಲ್ಲಿ ತುಂಬಿಟ್ಟ ಡೀಸೆಲಿನ ತಳದಲ್ಲಿ ನೀರಿರುತ್ತದೆ. ಅದನ್ನು ಕಾರಿಗೆ ಸುರಿಯುವವರು ಫಿಲ್ಟರಿನಡಿಯ ತಿರುಪನ್ನು ಸಡಿಲಿಸಿ ನೀರು ಇಳಿಸುವುದನ್ನಾದರೂ ಕಲಿಯಲಿ.

ಟೈಮಿಂಗ್ ಬೆಲ್ಟಿನ ವಿಷಯ ಒಂದೇ ಮಾತು. ಸ್ವಿಫ್ಟಿನ ಎಂಜಿನ್ನಿಗೆ ಸರಪಳಿಯಿದೆ. ಇಂಡಿಕಾಕ್ಕೆ ರಬ್ಬರಿನ ಬೆಲ್ಟು. ಓಡಿದ ಕಿಲೋಮೀಟರು ಕಡಿಮೆಯೆಂದು ಅದನ್ನು ಬಿಡುವಂತಿಲ್ಲ, ಬಿಸಿಲು ಕುಳಿತಲ್ಲಿಯೇ ರಬ್ಬರನ್ನು ಒಣಗಿಸುತ್ತದೆ. ಅದು ತುಂಡಾದ ಕ್ಷಣ ಪಿಸ್ಟನ್ನುಗಳು ಕವಾಟಗಳಿಗೆ ಬಡಿಯುತ್ತವೆ. ಹಳೆಯ ಕಾರನ್ನು ಕೊಂಡವರು, ಮಾರಿದವನು ಏನೇ ಆಣೆಯಿಡಲಿ, ಮೊದಲು ಬೆಲ್ಟು ಬದಲಿಸುವುದು ಕ್ಷೇಮ.

ಹಾಗಾದರೆ ಎಲ್ಲಿಯವರೆಗೆ ರಿಪೇರಿ, ಎಲ್ಲಿಂದಾಚೆಗೆ ಗುಜರಿ? ಹೊಗೆಯೇ ಇದನ್ನು ಹೇಳುತ್ತದೆ. ಕಪ್ಪು ಹೊಗೆಯೆಂದರೆ ಗಾಳಿ ಸಾಲದು ಇಲ್ಲವೆ ನಾಜಲ್ ಕೆಟ್ಟಿದೆ, ಅಂಜಬೇಕಾದ್ದಿಲ್ಲ. ಬೆಳಗಿನ ಬಿಳಿ ಹೊಗೆ ಎಂಜಿನ್ ಕಾದ ಮೇಲೂ ನಿಲ್ಲದಿದ್ದರೆ ನೀರು ಸಿಲಿಂಡರಿಗೆ ಸೇರುತ್ತಿರಬಹುದು. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವ ಗುರುತು. ನೀಲಿ ಹೊಗೆಯೊಡನೆ, ಆಯಿಲ್ ಮುಚ್ಚಳವನ್ನು ತೆಗೆದಾಗ ಏದುಸಿರಿನಂತೆ ಗಾಳಿ ನುಗ್ಗಿ ಬಂದರೆ, ಕಂಪ್ರೆಷನ್ ಅಳೆಸಿ ನೋಡಬೇಕು. ನಾಲ್ಕು ಸಿಲಿಂಡರುಗಳೂ ಸೋತಿದ್ದರೆ ಬೋರು ಮಾಡಿಸಿ ಪಿಸ್ಟನ್, ರಿಂಗು ಹೊಸದು ಹಾಕಿಸುವ ಖರ್ಚು ಕಾರಿನ ಬೆಲೆಯನ್ನೇ ಮೀರೀತು. ಬಾಡಿ ಗಟ್ಟಿಯಿದ್ದರೆ ಆ ಖರ್ಚನ್ನು ನಾನು ಅಪವ್ಯಯವೆನ್ನುವುದಿಲ್ಲ. ಕರಾವಳಿಯ ಉಪ್ಪುಗಾಳಿ ತಿಂದುಹಾಕುವ ತಗಡನ್ನು ಈ ಸೀಮೆಯ ಒಣಹವೆ ಕಾಪಾಡಿಕೊಂಡಿರುತ್ತದೆ. ಇಲ್ಲಿನ ಬಿಸಿಲು ಮಾಡುವ ಉಪಕಾರ ಇದೊಂದೇ.

ದೆಹಲಿ ಸೀಮೆಯಲ್ಲಿ ೧೦ ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿಯು ೨೦೧೫ರಲ್ಲಿ ವಿಧಿಸಿದ ನಿಷೇಧವನ್ನು ಕೇಳಿ ಇಲ್ಲಿಯೂ ಕೆಲವರು ಗಾಬರಿಗೊಂಡು ಕಾರನ್ನು ಸಿಕ್ಕಿದ ಬೆಲೆಗೆ ಮಾರಿಬಿಡುವುದುಂಟು. ಆ ಆಜ್ಞೆ ರಾಜಧಾನಿ ಪ್ರದೇಶಕ್ಕೆ ಸಂಬಂಧಿಸಿದ್ದು. ಕಲಬುರಗಿಗೆ ಅದು ಅನ್ವಯಿಸದು. ನಮ್ಮಲ್ಲಿ ಸ್ವಂತದ ಕಾರಿನ ನೋಂದಣಿ ೧೫ ವರ್ಷ ನಡೆಯುತ್ತದೆ. ಅನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬಹುದು. ಮೊದಲು ೬೦೦ ರೂಪಾಯಿಯಿದ್ದ ಈ ಶುಲ್ಕ ೨೦೨೨ರ ಏಪ್ರಿಲಿನಲ್ಲಿ ೫,೦೦೦ಕ್ಕೆ ಏರಿತು. ಅವಧಿ ಮುಗಿಯುವ ೬೦ ದಿನ ಮೊದಲಿನಿಂದಲೇ ಅರ್ಜಿ ಹಾಕಲು ಅವಕಾಶವುಂಟು. ವಿಮೆ, ಹೊಗೆ ತಪಾಸಣೆಯ ಚೀಟಿ ಕೈಯಲ್ಲಿರಲಿ. ದೀಪ, ಬ್ರೇಕು, ಹಾರನ್ನು ಸರಿಯಿರಲಿ. ಚಾಸಿಯ ಮೇಲೆ ಕೊರೆದ ಅಂಕಿಗಳನ್ನು ಅಧಿಕಾರಿ ಓದಲೇಬೇಕಾಗಿರುವುದರಿಂದ ಅವುಗಳ ಮೇಲಿನ ಧೂಳನ್ನು ಹಿಂದಿನ ಸಂಜೆಯೇ ಒರೆಸಿಟ್ಟುಕೊಳ್ಳಿ.