ರೆಕ್ಕೆಯ ಲೆಕ್ಕ

ಸಣ್ಣ ವಿಮಾನದ ರೆಕ್ಕೆಗೆ ಏಟು ಬೀಳಲು ಆಕಾಶಕ್ಕೇ ಏರಬೇಕೆಂದಿಲ್ಲ. ಹ್ಯಾಂಗರ್ ಒಳಗೆ ತಳ್ಳುವಾಗ ತುದಿ ಬಾಗಿಲಿಗೆ ತಾಗುತ್ತದೆ. ಹಗ್ಗ ಬಿಗಿಯದೆ ಬಯಲಲ್ಲಿ ನಿಲ್ಲಿಸಿದ್ದನ್ನು ಬಿರುಗಾಳಿ ಎತ್ತಿ ಮಗುಚುತ್ತದೆ. ಹಾರಾಟ ಕಲಿಯುತ್ತಿರುವವರು ಅಡ್ಡಗಾಳಿಯಲ್ಲಿ ಇಳಿಸುವಾಗ ವಿಮಾನ ನೆಲದ ಮೇಲೇ ಗಿರಕಿ ಹೊಡೆದು ರೆಕ್ಕೆಯ ತುದಿ ರನ್‌ವೇಗೆ ಉಜ್ಜುತ್ತದೆ. ಒಳಗಿದ್ದವರು ಅಂಗಿ ಕೊಡವಿಕೊಂಡು ಇಳಿದು ಬರುತ್ತಾರೆ. ಹೊರಗೆ ಕಾಣುವುದು ಗೇಣುದ್ದ ನಜ್ಜಾದ ತಗಡು, ಅಷ್ಟೆ. ರಿಪೇರಿ ಮಾಡಿಸುವುದೋ, ಗುಜರಿಗೆ ಹಾಕುವುದೋ ಎಂಬ ಪ್ರಶ್ನೆ ಅಲ್ಲಿಂದ ಶುರು.

ಇದಕ್ಕೆ ಉತ್ತರ ಹೇಳುವವರು ವಿಮಾನ ನಿರ್ವಹಣೆಯ ಇಂಜಿನಿಯರುಗಳು. ಕಸುಬಿನವರ ಬಾಯಲ್ಲಿ ಎಎಂಇಗಳು. ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ಪರವಾನಗಿ ಇದ್ದವರು ಸಹಿ ಹಾಕಿದ ಮೇಲೆಯೇ ರಿಪೇರಿಯಾದ ವಿಮಾನ ಮತ್ತೆ ಹಾರಬಹುದು. ಇವರ ಕೈಚಳಕ ದೊಡ್ಡದು, ನಿಜ. ಆದರೆ ಕೈಗೆ ಡ್ರಿಲ್ ತೆಗೆದುಕೊಳ್ಳುವ ಮುಂಚೆ ಈ ರೆಕ್ಕೆಯನ್ನು ಉಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದಿದೆಯಲ್ಲ, ಈ ವಿದ್ಯೆಯ ತಿರುಳಿರುವುದು ಅಲ್ಲೇ ಎಂದು ನಾನು ನಂಬಿದ್ದೇನೆ.

ಬಲ್ಲವರು ನಜ್ಜಾದ ಜಾಗವನ್ನು ಒಮ್ಮೆ ನೋಡಿ, ಅಲ್ಲಿ ನಿಲ್ಲದೆ ರೆಕ್ಕೆಯ ಬುಡಕ್ಕೆ ನಡೆಯುತ್ತಾರೆ. ಉದಾಹರಣೆಗೆ ಸೆಸ್ನಾ 172ನ್ನು ತೆಗೆದುಕೊಳ್ಳಿ. ಜಗತ್ತಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ವಿಮಾನ ಅದು. 1956ರಿಂದ ಇಲ್ಲಿಯವರೆಗೆ 44,000ಕ್ಕೂ ಹೆಚ್ಚು ಹೊರಬಂದಿವೆ. ಅದರ ರೆಕ್ಕೆಗಳ ಹರವು 11 ಮೀಟರ್. ತುದಿಗೆ ಬಿದ್ದ ಏಟಿಗೆ ಇಡೀ ರೆಕ್ಕೆಯೇ ಸನ್ನೆಗೋಲಾಗುತ್ತದೆ. ಬುಡ ತಲುಪುವ ಹೊತ್ತಿಗೆ ಬಲ ಹಲವು ಪಟ್ಟು ಬೆಳೆದಿರುತ್ತದೆ. ಅದನ್ನು ತಡೆದುಕೊಳ್ಳಲು ಅಲ್ಲಿರುವುದು ಸ್ಪಾರ್ ಎಂಬ ತೊಲೆ ಮತ್ತು ಕೆಲವೇ ಬೋಲ್ಟುಗಳು. ತುದಿಯ ತಗಡನ್ನು ಬದಲಾಯಿಸುವುದು ದೊಡ್ಡ ಮಾತಲ್ಲ. ಬುಡದ ಬೋಲ್ಟಿನ ತೂತು ಕೂದಲೆಳೆಯಷ್ಟು ಉದ್ದವಾಗಿದ್ದರೂ ಕಥೆ ಬೇರೆ.

172ರ ಹಳೆಯ ಮಾದರಿಯೊಂದರ ಗರಿಷ್ಠ ತೂಕ 1,043 ಕೆ.ಜಿ. ಈ ವರ್ಗದ ವಿಮಾನದ ರೆಕ್ಕೆಗಳು ಅದರ 3.8 ಪಟ್ಟು ಭಾರವನ್ನು, ಅಂದರೆ ಹತ್ತಿರಹತ್ತಿರ 4 ಟನ್ನನ್ನು, ಹೊತ್ತು ಮತ್ತೆ ಮೊದಲಿನ ಆಕಾರಕ್ಕೆ ಬರಬೇಕು. ಅದರ ಒಂದೂವರೆ ಪಟ್ಟು, ಅಂದರೆ ಸುಮಾರು 6 ಟನ್ ಬಿದ್ದರೂ ಮುರಿಯಬಾರದು. ರಿಪೇರಿಯಾದ ರೆಕ್ಕೆಗೂ ಇದೇ ಅಳತೆ. ಹಳೆಯದು, ಪಾಪ, ಸ್ವಲ್ಪ ಕಡಿಮೆ ಹೊರಲಿ ಎನ್ನುವ ಮಾತೇ ಇಲ್ಲ.

ಹಾಗಾಗಿ ತಪಾಸಣೆ ಶುರುವಾಗುವುದು ತಗಡನ್ನು ಬಿಗಿದಿರುವ ಸಾಲು ಸಾಲು ರಿವೆಟ್‌ಗಳಿಂದ. ಟಾರ್ಚನ್ನು ತಗಡಿಗೆ ಒರಗಿಸಿ ಹಿಡಿದು ಬೆಳಕನ್ನು ಓರೆಯಾಗಿ ಹಾಯಿಸಿದರೆ, ನೇರ ಬೆಳಕಿನಲ್ಲಿ ಕಾಣದ ಅಲೆಗಳು ಏಳುತ್ತವೆ. ಬಣ್ಣ ಬಿರುಕು ಬಿಟ್ಟಿದೆಯೇ? ರಿವೆಟ್‌ನ ತಲೆ ವಾಲಿದೆಯೇ? ಬಹಳ ದಿನದಿಂದ ಸಡಿಲವಾಗಿದ್ದ ರಿವೆಟ್ ಅದುರಿ ಅದುರಿ ಸವೆದು, ಗಾಳಿ ಹರಿಯುವ ದಿಕ್ಕಿಗೆ ಕಪ್ಪು ಗೀಟು ಎಳೆದಿರುತ್ತದೆ. ಹೊಗೆಯಾಡುವ ರಿವೆಟ್ ಎಂದು ಅದಕ್ಕೆ ಹೆಸರು. ಆ ಗೀಟು ಕಂಡರೆ ನಿನ್ನೆಯ ಏಟಿಗಿಂತ ಹಳೆಯ ಕಾಯಿಲೆಯೊಂದು ಒಳಗಿದೆ ಎಂದೇ ಅರ್ಥ. ಆಮೇಲೆ ಮುಚ್ಚಳಗಳನ್ನು ಬಿಚ್ಚಿ ಒಳಗಿನ ಪಕ್ಕೆಲುಬಿನಂಥ ರಿಬ್‌ಗಳನ್ನು ನೋಡುತ್ತಾರೆ. ಅನುಮಾನ ಬಂದ ಕಡೆ ಬಣ್ಣದ ದ್ರವ ಸವರಿ, ಒರೆಸಿ, ಬಿರುಕಿನೊಳಗೆ ಇಳಿದ ಬಣ್ಣ ಹೊರಗೆ ಸೂಸುತ್ತದೆಯೇ ಎಂದು ಕಾಯುತ್ತಾರೆ. ಕೊನೆಗೆ ಟೇಪು, ತೂಗುಗುಂಡು ಹಿಡಿದು ಬಾಲದಿಂದ ಎರಡೂ ರೆಕ್ಕೆಗಳ ತುದಿಗೆ ಅಳತೆ. ಎಡಕ್ಕೂ ಬಲಕ್ಕೂ ಹೊಂದದಿದ್ದರೆ ಏಟು ರೆಕ್ಕೆಯನ್ನು ದಾಟಿ ಒಡಲಿಗೂ ಹೋಗಿರಬಹುದು.

ಮರದ ತೊಲೆಯಿರುವ ರೆಕ್ಕೆಗಳದ್ದು ಇನ್ನೂ ಸೂಕ್ಷ್ಮ. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಪುಷ್ಪಕ್ ಅಂಥದ್ದು. ಅಮೆರಿಕದ ಏರಾಂಕಾ ಚೀಫ್ ವಿಮಾನವನ್ನು ಆಧರಿಸಿದ, ಇಬ್ಬರು ಕೂರುವ ಈ ಪುಟ್ಟ ವಿಮಾನ 1958ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿತು. ಸುಮಾರು 160 ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಒಂದು ತಲೆಮಾರಿಗೆ ಹಾರಾಟ ಕಲಿಸಿದವು. ಇಂಥ ರೆಕ್ಕೆ ನೆಲಕ್ಕೆ ಬಡಿದರೆ ಬಟ್ಟೆಯ ಹೊದಿಕೆ ಹರಿಯದೆಯೂ ಇರಬಹುದು. ಒಳಗಿನ ಮರದ ಎಳೆಗಳು ಮಾತ್ರ ಒತ್ತಡಕ್ಕೆ ಸಿಕ್ಕಿ ಅಡ್ಡಲಾಗಿ ನುಚ್ಚಾಗಿರುತ್ತವೆ. ಹೊರಗೆ ತೋರುವುದು ಪೆನ್ಸಿಲಿನಲ್ಲಿ ಎಳೆದಂಥ ಒಂದು ಸಣ್ಣ ಗೆರೆ. ಆ ಗೆರೆಯಿರುವ ತೊಲೆ ಇನ್ನೊಂದು ಹಾರಾಟದಲ್ಲಿ ತುಂಡಾಗಬಹುದು. ಏರಾಂಕಾ ಮತ್ತು ಚಾಂಪಿಯನ್ ವಂಶದ ಮರದ ತೊಲೆಯ ವಿಮಾನಗಳ ರೆಕ್ಕೆಗೆ ಪೆಟ್ಟಾದಾಗಲೆಲ್ಲ ಈ ಗೆರೆಯನ್ನು ಹುಡುಕಲೇಬೇಕೆಂದು ಅಮೆರಿಕದ ವಿಮಾನಯಾನ ಇಲಾಖೆ 2000ದಲ್ಲಿ ಆದೇಶವನ್ನೇ ಹೊರಡಿಸಿತು.

ಪೆಟ್ಟಾದ ಮರದ ತೊಲೆಗೆ ಕೂಡಿಕೆ ಹಾಕಲು ಬರುತ್ತದೆ. ಒಂದಿಂಚು ದಪ್ಪಕ್ಕೆ ಹನ್ನೆರಡು ಇಂಚಿನಷ್ಟು ಓರೆಯಾಗಿ ಕತ್ತರಿಸಿ, ಅದೇ ಓರೆಯ ಹೊಸ ಮರವನ್ನು ಅಂಟಿನಿಂದ ಕೂಡಿಸುತ್ತಾರೆ. ಆದರೆ ಒಂದು ತೊಲೆಗೆ ಎರಡಕ್ಕಿಂತ ಹೆಚ್ಚು ಕೂಡಿಕೆ ಇರುವಂತಿಲ್ಲ. ರೆಕ್ಕೆ ಒಡಲಿಗೆ ಸೇರುವ ಕಡೆಯಂತೂ ಕೂಡಿಕೆಯೇ ಸಲ್ಲ. ಪೆಟ್ಟು ಆ ಜಾಗದಲ್ಲೇ ಬಿದ್ದಿದ್ದರೆ ಹೊಸ ತೊಲೆಯೇ ಗತಿ.

ಲೋಹದ ರೆಕ್ಕೆಯ ನಿಯಮಗಳೂ ಇಷ್ಟೇ ಖಚಿತ. ರಿವೆಟ್‌ನ ವ್ಯಾಸ ತಗಡಿನ ದಪ್ಪದ ಸುಮಾರು ಮೂರು ಪಟ್ಟು. ತಗಡಿನ ಅಂಚಿನಿಂದ ಅದರ ದೂರ ಕಡೇಪಕ್ಷ ವ್ಯಾಸದ ಎರಡು ಪಟ್ಟು. ಒಬ್ಬರು ಹೊರಗಿನಿಂದ ರಿವೆಟ್ ಗನ್ ಒತ್ತಿದರೆ ಇನ್ನೊಬ್ಬರು ಒಳಗೆ ಕೈತೂರಿಸಿ ಉಕ್ಕಿನ ಗಟ್ಟಿಯನ್ನು ಆನಿಸಿ ಹಿಡಿಯಬೇಕು. ಇಬ್ಬರ ಕೈ ಒಂದಾಗದಿದ್ದರೆ ರಿವೆಟ್ ಸೊಟ್ಟಗಾಗುತ್ತದೆ. ಕೆಲವು ಬಗೆಯ ರಿವೆಟ್‌ಗಳನ್ನು ಕಾಯಿಸಿ ತಣಿಸಿದ ಮೇಲೆ ಫ್ರೀಜರ್‌ನಲ್ಲೇ ಇಡುತ್ತಾರೆ. ಹೊರಗಿಟ್ಟರೆ ತಾವಾಗಿಯೇ ಗಡಸಾಗಿ, ಬಡಿಯುವಾಗ ಒಡೆಯುತ್ತವೆ. ಕೆಲಸಕ್ಕೆ ಬೇಕಾದಷ್ಟನ್ನೇ ತೆಗೆದು ಬೇಗ ಬಡಿದು ಮುಗಿಸಬೇಕು.

ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಯದೆ ಮೇಲೆ ತೇಪೆ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ವಿಮಾನದ ಒಂದು ದಾರುಣ ಉದಾಹರಣೆಯಿದೆ. 1980ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಚೀನಾ ಏರ್‌ಲೈನ್ಸ್‌ನ ಬೋಯಿಂಗ್ 747 ಒಂದರ ಹಿಂಭಾಗ ರನ್‌ವೇಗೆ ಉಜ್ಜಿತು. ಗೀರುಬಿದ್ದ ತಗಡನ್ನು ಹಾಗೆಯೇ ಉಳಿಸಿ, ಮೇಲೆ ಹೊಸ ತಗಡು ಹೊದಿಸಲಾಯಿತು. ತೇಪೆಯಡಿ ಗೀರುಗಳು ಬಿರುಕಾಗಿ ಬೆಳೆದವು. 22 ವರ್ಷಗಳ ನಂತರ, 2002ರ ಮೇ 25ರಂದು, ವಿಮಾನ ತೈವಾನ್ ಜಲಸಂಧಿಯ ಮೇಲೆ ಆಕಾಶದಲ್ಲೇ ಒಡೆದು 225 ಜನ ಸತ್ತರು. ರಿಪೇರಿ ಬೇಡ ಎನ್ನುವ ಇಂಜಿನಿಯರನ್ನು ಹಟಮಾರಿ ಎಂದು ಬೈಯುವವರು ಇದನ್ನು ನೆನಪಿಡಬೇಕು.

ದುಡ್ಡಿನ ಮಾತನ್ನೂ ಆಡಲೇಬೇಕು. ರೆಕ್ಕೆಯನ್ನು ಪೂರ್ತಿ ಬಿಚ್ಚಿ ಕಟ್ಟುವುದಾದರೆ ಅದು ತಿರುಚದಂತೆ ಹಿಡಿದಿಡುವ ಜಿಗ್ ಎಂಬ ಚೌಕಟ್ಟು ಬೇಕು. ಅದಿರುವ ಕಾರ್ಯಾಗಾರಗಳು ಕಡಿಮೆ. ಖರ್ಚು ವಿಮಾನದ ಬೆಲೆಯ ಹತ್ತಿರ ಬಂದರೆ ವಿಮಾ ಕಂಪನಿ ಅದನ್ನು ಪೂರ್ಣ ನಷ್ಟವೆಂದು ಬರೆದುಬಿಡುತ್ತದೆ. ಎಷ್ಟೋ ಸಲ ಇನ್ನೊಂದು ಹಳೆಯ ವಿಮಾನದಿಂದ ಬಿಚ್ಚಿದ, ದಾಖಲೆ ಸರಿಯಿರುವ ಇಡೀ ರೆಕ್ಕೆಯನ್ನೇ ತಂದು ಜೋಡಿಸುವುದು ಅಗ್ಗ. ನನ್ನ ಮಟ್ಟಿಗೆ ಅದು ಹೆಚ್ಚು ನೆಮ್ಮದಿಯ ದಾರಿಯೂ ಹೌದು.

ಹೀಗೆ ಬೇರೆ ವಿಮಾನದ ರೆಕ್ಕೆ ಜೋಡಿಸುವುದರ ವಿಪರೀತ ರೂಪವೊಂದು 1941ರಲ್ಲಿ ಚೀನಾದಲ್ಲಿ ನಡೆಯಿತು. ಜಪಾನಿ ಬಾಂಬಿಗೆ ಬಲರೆಕ್ಕೆ ಕಳೆದುಕೊಂಡ ಡಿಸಿ-3ಗೆ ಬದಲಿ ರೆಕ್ಕೆ ಸಿಗಲಿಲ್ಲ. ಹಳೆಯ ಡಿಸಿ-2ರ ರೆಕ್ಕೆಯೊಂದನ್ನು ಹಾಂಗ್‌ಕಾಂಗ್‌ನಿಂದ ಇನ್ನೊಂದು ವಿಮಾನದ ಹೊಟ್ಟೆಗೆ ಕಟ್ಟಿ ತಂದು ಜೋಡಿಸಿದರು. ಐದು ಅಡಿ ಗಿಡ್ಡವಾಗಿದ್ದ ಆ ರೆಕ್ಕೆಯೊಂದಿಗೇ ಅದು ಹಾರಿ ಹೋಯಿತು. ಜನ ಅದನ್ನು ಡಿಸಿ-ಎರಡೂವರೆ ಎಂದು ಕರೆದರು. ಯುದ್ಧಕಾಲದ ಅನಿವಾರ್ಯತೆ ಅದು. ಇಂದು ಯಾವ ಇಂಜಿನಿಯರೂ ಅದಕ್ಕೆ ಸಹಿ ಹಾಕಲಾರರು, ಹಾಕಲೂಬಾರದು.

ಅದೇ ಕಾಲದ ಎರಡನೇ ಮಹಾಯುದ್ಧ ಬೆಂಗಳೂರಿಗೂ ಈ ವಿದ್ಯೆಯನ್ನು ದೊಡ್ಡ ಪ್ರಮಾಣದಲ್ಲಿ ತಂದಿತು. ಮೈಸೂರು ಸಂಸ್ಥಾನದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಅಂದರೆ ಎಚ್‌ಎಎಲ್, 1943ರಲ್ಲಿ ಅಮೆರಿಕದ ಸೇನೆಯ 84ನೇ ಏರ್ ಡಿಪೋ ಆಗಿ, ವಿಮಾನಗಳ ರಿಪೇರಿಗೇ ಮೀಸಲಾಯಿತು. ಕ್ಯಾಟಲಿನಾ ಎಂಬ ನೀರಿಗಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಯುದ್ಧ ಮುಗಿದ ಮೇಲೆ, ಮತ್ತೆ ಹಾರಬಾರದೆಂದೇ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳಲ್ಲಿ ಸುಮಾರು 40ನ್ನು ಎಚ್‌ಎಎಲ್‌ನವರು ಆರಿಸಿ, ಹಾರುವಷ್ಟು ಸರಿಪಡಿಸಿ, ಬೆಂಗಳೂರಿಗೆ ಹಾರಿಸಿ ತಂದು ಪೂರ್ತಿ ದುರಸ್ತಿ ಮಾಡಿದರು. 1948ರಲ್ಲಿ ವಾಯುಪಡೆಗೆ ಸೇರಿದ ಅವು 1968ರವರೆಗೆ ಸೇವೆಯಲ್ಲಿದ್ದವು. ಯಾವುದು ಉಳಿಯುತ್ತದೆ, ಯಾವುದು ಬಿಡಿಭಾಗಕ್ಕಷ್ಟೇ ಲಾಯಕ್ಕು ಎಂದು ಆ ರಾಶಿಯ ನಡುವೆ ನಿಂತು ಹೇಳಿದವರ ಕಣ್ಣಿಗೆ ನಾನು ಕೈಮುಗಿಯುತ್ತೇನೆ.

ಬೇಡ ಎಂದು ತೀರ್ಮಾನವಾದ ಮೇಲೂ ಕೆಲಸವಿದೆ. ಸರಿಯಿರುವ ಭಾಗಗಳನ್ನು ಬಿಚ್ಚಿ, ಪರೀಕ್ಷಿಸಿ, ಚೀಟಿ ಕಟ್ಟಿ ಬೇರೆ ವಿಮಾನಗಳಿಗೆ ಕಳಿಸುತ್ತಾರೆ. ಕೆಟ್ಟ ಸ್ಪಾರನ್ನು ಮಾತ್ರ ಹಾಗೆಯೇ ಗುಜರಿಗೆ ಕೊಡಬಾರದು. ಯಾರೋ ಅದಕ್ಕೆ ಬಣ್ಣ ಬಳಿದು ಒಳ್ಳೆಯದೆಂದು ಮಾರದ ಹಾಗೆ, ಗರಗಸ ಹಾಕಿ ತುಂಡು ಮಾಡಿಯೇ ಕಳಿಸಬೇಕು.