ಮೋಜಾರ್ಟ್ ಮನೆಗೆ ಬಂದನೇ?

ಮೈಸೂರು ಮಹಾರಾಜ ಜಯಚಾಮರಾಜ ಒಡೆಯರು (1919-1974) ಕರ್ನಾಟಕ ಸಂಗೀತದ ಕೃತಿ ರಚಿಸಿದವರು. ಅವರು ಪಿಯಾನೋ ಸಹ ಕಲಿತಿದ್ದರು! ಲಂಡನ್ನಿನಲ್ಲಿದ್ದ ರಷ್ಯದ ಸಂಗೀತಗಾರ ಮೆಟ್ನರ್‌ಗೆ ಹಣ ಕೊಟ್ಟು ಆತನ ಸಂಗೀತವನ್ನು ರೆಕಾರ್ಡ್ ಮಾಡಿಸಿದರು. ಮೆಟ್ನರ್ ಬರೆದ ಪಿಯಾನೋ ಸೊನಾಟಾಗಳೇ 14.

ಸೊನಾಟಾ ಅಂದ್ರೆ ಏನು? ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ಪಕ್ಕದ ಮನೆ ಅಕ್ಕನನ್ನು ಕೇಳಿದೆ. "ಮೆಟ್ನರ್ ಆಮೇಲೆ. ಮೊದಲು ಇದು ಕೇಳು" ಎಂದು ಮೋಜಾರ್ಟ್ 1788ರಲ್ಲಿ ಹೊಸಬರಿಗಾಗಿ ಬರೆದ ಪುಟ್ಟ ಸೊನಾಟಾ ನುಡಿಸಿದರು. ಅದರ ಮೊದಲ ಭಾಗ 73 ಬಾರ್, ಅಂದರೆ 73 ಆವರ್ತ ಎನ್ನಿ.

ನಮ್ಮ ಕೀರ್ತನೆಯಲ್ಲಿ ಶ್ರುತಿ ಕೊನೆತನಕ ಒಂದೇ. ಸೊನಾಟಾದಲ್ಲಿ ಹಾಗಲ್ಲ, ಶ್ರುತಿಯೇ ಮನೆ ಬಿಟ್ಟು ಹೋಗುತ್ತದೆ! ಬಲಗೈ ಸಾ ಗ ಪ ಎಂದು ಹತ್ತುತ್ತದೆ, ಎಡಗೈ ಸ ಪ ಗ ಪ ಎಂದು ತೊಟ್ಟಿಲು ತೂಗುತ್ತದೆ. ಇದು ಮೊದಲ ಟ್ಯೂನ್. ಸ್ವಲ್ಪ ಹೊತ್ತಿಗೆ ನಮ್ಮ ಪ ಸ್ವರವೇ ಹೊಸ ಸ ಆಗಿಬಿಡುತ್ತದೆ. ಅಲ್ಲಿ ಎರಡನೇ ಟ್ಯೂನ್ ಪ ಗ ಸ ಎಂದು ಇಳಿಯುತ್ತದೆ. ನಡುವೆ 13 ಬಾರ್ ಅಲೆದಾಟ, ಗಾಂಧಾರ ತಗ್ಗಿ ಮುಖ ಬಾಡಿದ ಹಾಗೆ. ಕೊನೆಗೆ ಪುತ್ತರಿಗೆ ಎಲ್ಲರೂ ಐನ್‌ಮನೆ ಸೇರುವಂತೆ ಎರಡು ಟ್ಯೂನೂ ಮೊದಲ ಶ್ರುತಿಗೆ ಬರಬೇಕು. ಇದು ಪದ್ಧತಿ.

ಇಷ್ಟನ್ನು ತರಗತಿಯಲ್ಲಿ ಜಂಬದಿಂದ ವಿವರಿಸಿದೆ. 42ನೇ ಬಾರಿನಲ್ಲಿ ಮೊದಲ ಟ್ಯೂನ್ ಮನೆಗೆ ಬಂತು ಎಂದೂ ಹೇಳಿದೆ. ಅಕ್ಕನಿಗೆ ನಗು. "ಹಾರ್ಮೋನಿಯಂ ಒತ್ತಿ ನೋಡು" ಅಂದರು. ಒತ್ತಿದರೆ ಸ ಅಲ್ಲ, ಮ! ಟ್ಯೂನ್ ಬಂದದ್ದು ನಿಜ, ಆದರೆ ಪಕ್ಕದ ಮನೆಗೆ. ನನ್ನ ಕಿವಿ ಟ್ಯೂನಿನ ಗುರುತು ಹಿಡಿದು, ಶ್ರುತಿ ಕೇಳೋದನ್ನೇ ಮರೆತಿತ್ತು. ನಾಚಿಕೆಯಾಯಿತು.

ಮೋಜಾರ್ಟ್ ಯಾಕೆ ಹೀಗೆ ಮಾಡಿದ? ಸ ಇಂದ ಪ ಎಷ್ಟು ದೂರವೋ ಮ ಇಂದ ಮೇಲಿನ ಸ ಅಷ್ಟೇ ದೂರ. ಬೇಕಾದರೆ ಎಣಿಸಿ. ಹಾಗಾಗಿ ಮ ಇಂದ ಹೊರಟರೆ ಹಳೇ ದಾರಿಯಲ್ಲೇ ನಡೆದು ತಾನಾಗಿ ಮನೆ ಸೇರಬಹುದು. ಇದು ಸೋಮಾರಿತನ ಅನ್ನುವವರೂ ಇದ್ದಾರಂತೆ. ನಾನು ಒಪ್ಪುವುದಿಲ್ಲ. ಮೊದಲ ಸಲ ಈ ದಾರಿಗೆ 28 ಬಾರ್, ಎರಡನೇ ಸಲ 32. ಹೆಚ್ಚಿನ ನಾಲ್ಕರಲ್ಲಿ ಬಲಗೈಯ ಸ್ವರಗಳ ಓಟವನ್ನು ಎಡಗೈ ಓಡುತ್ತದೆ. ಕಾಪಿ ಹೊಡೆಯುವವರು ನಾಲ್ಕು ಸಾಲು ಜಾಸ್ತಿ ಬರೀತಾರಾ? ನಾನಂತೂ ಬರೆಯಲ್ಲ! ನಿಜವಾದ ಸ ಸಿಗುವುದು 59ನೇ ಬಾರಿನಲ್ಲಿ, ಎರಡನೇ ಟ್ಯೂನ್ ಜೊತೆ. ಅಷ್ಟು ಕಾಯಿಸಿದ್ದಕ್ಕೇ ಅದು ಅಷ್ಟು ಹಿತ.

ನಂಬದವರು ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಹಾರ್ಮೋನಿಯಂ ಹತ್ತಿರ ಬನ್ನಿ, ಒತ್ತಿ ತೋರಿಸುತ್ತೇನೆ. ನನ್ನ ಎಡಗೈ ಗಾಳಿ ಹಾಕೋದಕ್ಕೆ ಬೇಕು, ಸ ಪ ಗ ಪ ನೀವೇ ಹಾಡಬೇಕು.

- 9ನೇ ತರಗತಿ